ನಾಲ್ಕರಲ್ಲಿ ಮೂರು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಅಂತಲೇ ಕರೆಯುತ್ತಿದ್ದರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಎರಡನೇ ಮಹಡಿಯ ಮೂಲೆಯಲ್ಲಿ, ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಒಂದು ಪುಟ್ಟ ಕೋಣೆ. ಅಲ್ಲಿ ಒಂದು ಮೈಕ್ರೋಸ್ಕೋಪು, ಅದರ ಮುಂದೆ ಸೀಟು ಹರಿದು ಸ್ಪಂಜು ಹೊರಬಂದ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಅವಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದಳು.

ಅವಳ ಕೆಲಸ ಯೀಸ್ಟಿನ ಜೊತೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಯೀಸ್ಟು. ಹೊಟ್ಟೆ ತುಂಬ ತಿನ್ನಲು ಸಿಗುವವರೆಗೆ ಯೀಸ್ಟಿಗೆ ಯಾವ ರಗಳೆಯೂ ಇಲ್ಲ. ತಾಯಿಯ ಪಕ್ಕೆಯಲ್ಲಿ ಮೊಗ್ಗು ಮೂಡುತ್ತದೆ, ದಪ್ಪಗಾಗುತ್ತದೆ, ಕಳಚಿಕೊಂಡು ತನ್ನ ದಾರಿ ಹಿಡಿಯುತ್ತದೆ. ಮಗಳು ತಾಯಿಯ ಪಡಿಯಚ್ಚು. ಆದರೆ ಅದರಲ್ಲೂ ಎರಡು ಪಂಗಡ ಉಂಟು. ಒಂದಕ್ಕೆ ಎ ಅಂತ ಹೆಸರಿಟ್ಟಿದ್ದಾರೆ, ಇನ್ನೊಂದಕ್ಕೆ ಆಲ್ಫಾ ಅಂತ. ಎದುರು ಪಂಗಡದ ಸುಳಿವು ಹತ್ತಿದರೆ ಸಾಕು, ದುಂಡಗೆ ತೆಪ್ಪಗೆ ಕೂತಿದ್ದದ್ದು ಅತ್ತ ಕಡೆ ಮೂತಿ ಚಾಚಿಕೊಂಡು ಬೆಳೆಯುತ್ತದೆ, ಎರಡೂ ಕೂಡಿ ಒಂದಾಗುತ್ತವೆ. ಹಾಗೆ ಕೂಡಿದ್ದನ್ನು ಉಪವಾಸ ಕೆಡವಿದರೆ ಅದು ತನ್ನೊಳಗೇ ನಾಲ್ಕು ಬೀಜಾಣು ಮಾಡಿಕೊಂಡು, ಅವನ್ನು ಒಂದು ಚೀಲದಲ್ಲಿ ಮುಚ್ಚಿಟ್ಟುಕೊಂಡು ಕೂರುತ್ತದೆ. ಅಪ್ಪನ ಗುಣ, ಅಮ್ಮನ ಗುಣ ಎಲ್ಲಾ ಕಲೆತು ಹಂಚಿಹೋಗುವುದು ಆ ನಾಲ್ಕು ಕಾಳಿನಲ್ಲೇ. ನಾಲ್ಕರಲ್ಲಿ ಎರಡು ಎ, ಎರಡು ಆಲ್ಫಾ ಆಗಿಯೇ ಹುಟ್ಟುತ್ತವೆ.

ಆ ನಾಲ್ಕನ್ನು ಬಿಡಿಸುವುದು ಸೂಜಿಯಕ್ಕನ ಕೆಲಸ. ಬಸವನಹುಳುವಿನ ಹೊಟ್ಟೆಯ ರಸ ಹಾಕಿ ಚೀಲದ ಗೋಡೆಯನ್ನು ಕರಗಿಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಬೀಜಾಣುಗಳೇ ಹಾಳು, ಬೇಗ ತೆಗೆದರೆ ಚೀಲ ಬಿಚ್ಚುವುದಿಲ್ಲ. ಆಮೇಲೆ ಕೂದಲಿಗಿಂತ ಸಣ್ಣಗಿರುವ ಗಾಜಿನ ಸೂಜಿಯ ತುದಿಯಲ್ಲಿ ಒಂದೊಂದನ್ನೇ ಎತ್ತಿ, ಯೀಸ್ಟಿಗೆ ಆಹಾರ ಹಾಕಿ ಹೆಪ್ಪುಗಟ್ಟಿಸಿದ ಅಗರ್ ಪ್ಲೇಟಿನ ಮೇಲೆ ನೇರ ಸಾಲಿನಲ್ಲಿ ಕೂರಿಸಬೇಕು. ಒಂದು, ಎರಡು, ಮೂರು, ನಾಲ್ಕು. ಎರಡು ದಿನ ಕಳೆದರೆ ಒಂದೊಂದು ಬೀಜಾಣುವಿನ ಜಾಗದಲ್ಲೂ ಬೆಣ್ಣೆ ಬಣ್ಣದ ಒಂದೊಂದು ಚುಕ್ಕೆ. ಗಾಜಿನ ಕಡ್ಡಿಯನ್ನು ಉರಿಗೆ ಹಿಡಿದು ಎಳೆದು ಆ ಸೂಜಿಯನ್ನು ತಯಾರಿಸುತ್ತಿದ್ದವಳೂ ಅವಳೇ. ಹೊಸದಾಗಿ ಬಂದ ಸಂಶೋಧಕರು ಇಡೀ ದಿನ ಕೂತು ಐದು ಸಾಲು ಮಾಡಿ ಕತ್ತು ಹಿಡಿದುಕೊಂಡು ಎದ್ದರೆ, ಅವಳು ಮಧ್ಯಾಹ್ನದ ಊಟದೊಳಗೆ ನಲವತ್ತು ಮುಗಿಸಿರುತ್ತಿದ್ದಳು.

"ಸೂಜಿಯಕ್ಕ ಎಷ್ಟು ಸಾವಿರ ಮದುವೆ ಮಾಡಿಸಿದಾರೋ! ತಮ್ಮದೊಂದು ಮಾಡ್ಕೊಳ್ಳೋಕೆ ಪುರುಸೊತ್ತು ಸಿಗಲಿಲ್ಲ ಅಷ್ಟೆ" ಅಂತ ಹುಡುಗರು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಮೊದಮೊದಲು ಆ ನಗು ಕಷ್ಟವಾಗಿತ್ತು, ಆಮೇಲೆ ರೂಢಿಯಾಯಿತು.

ಪುರುಸೊತ್ತು ಸಿಗದೆ ಇದ್ದದ್ದೇನೋ ನಿಜ. ಅಪ್ಪ ಹೋದಾಗ ಅವಳಿಗೆ ಹತ್ತೊಂಬತ್ತು, ತಂಗಿಗೆ ಹತ್ತು. ಕಾಲೇಜಿನ ಎರಡನೇ ವರ್ಷ ಅರ್ಧಕ್ಕೆ ಬಿಟ್ಟು ಇಲ್ಲಿ ಗಾಜು ತೊಳೆಯಲು ಸೇರಿಕೊಂಡಳು. ಮೂರು ವರ್ಷ ಕೊಳವೆ, ಪ್ಲೇಟು, ಸೀಸೆ ತಿಕ್ಕಿದಳು. ಆಗಿನ ಹಳೇ ಪ್ರೊಫೆಸರಿಗೆ ಒಂದು ದಿನ ಅವಳ ಕೈ ಕಣ್ಣಿಗೆ ಬಿತ್ತು. ಒಡೆದ ಕೊಳವೆಯ ಚೂರುಗಳನ್ನು ಅವಳು ಬೆರಳಿಗೆ ಒಂದು ಗೀರೂ ಆಗದಂತೆ ಆರಿಸುತ್ತಿದ್ದದ್ದನ್ನು ಬಾಗಿಲಲ್ಲಿ ನಿಂತು ನೋಡಿ, "ಬಾಮ್ಮ ಇಲ್ಲಿ" ಅಂತ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಅಲ್ಲಿಂದ ಅವಳು ಎದ್ದೇ ಇಲ್ಲ. ತಂಗಿ ಓದಿದಳು. ಓದಿದಳು ಅಂದರೆ ಅಂತಿಂಥ ಓದಲ್ಲ. ಮೊದಲ ಸ್ಥಾನ, ಪದಕ, ಡಾಕ್ಟರೇಟು. ಬೇರೆ ಕಡೆ ಒಂದಷ್ಟು ವರ್ಷ ಕೆಲಸ ಮಾಡಿ, ಹಳೇ ಪ್ರೊಫೆಸರು ನಿವೃತ್ತರಾದ ಮೇಲೆ ಅದೇ ಪ್ರಯೋಗಾಲಯಕ್ಕೆ, ಅವರದೇ ಕುರ್ಚಿಗೆ ಬಂದು ಕೂತಳು. ಆ ಸುದ್ದಿ ಬಂದ ದಿನ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಖುಷಿಗೆ ಅತ್ತಳು.

ಬಂದ ಮೊದಲ ವಾರವೇ ತಂಗಿ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು. "ಇಲ್ಲಿ ಎಲ್ಲರ ಎದುರು ಪುಟ್ಟಿ ಗಿಟ್ಟಿ ಅನ್ಬೇಡ. ಮೇಡಂ ಅನ್ನು. ತಪ್ಪು ತಿಳ್ಕೋಬೇಡ."

"ಅಯ್ಯೋ, ತಪ್ಪೇನು ಬಂತು" ಅಂದಳು ಅಕ್ಕ. ಕೈ ಹಿಡಿದು ಅಕ್ಷರ ತಿದ್ದಿಸಿದ ಮಗುವನ್ನು ಅಂದಿನಿಂದ ಅವಳು ಮೇಡಂ ಎಂದಳು. ತಂಗಿ ಅವಳನ್ನು ಉಳಿದವರಂತೆ ಸೂಜಿಯಕ್ಕ ಎಂದಳು. ತಂಗಿಗೆ ಊರಿನ ಇನ್ನೊಂದು ಬದಿಯಲ್ಲಿ ಗಂಡನ ಮನೆ. ಅಕ್ಕ ಅಮ್ಮನ ಜೊತೆ ಹಳೇ ಮನೆಯಲ್ಲಿದ್ದಳು. ಭಾನುವಾರ ತಂಗಿ ಅಮ್ಮನನ್ನು ನೋಡಲು ಬಂದಾಗ ಮಾತ್ರ ಮೇಡಂ ಹೋಗಿ ಪುಟ್ಟಿ ಆಗುತ್ತಿದ್ದಳು.

ತೊಂದರೆ ಶುರುವಾದದ್ದು ಕಾಡಿನ ಯೀಸ್ಟಿನಿಂದ. ಯಾವುದೋ ಮರದ ತೊಗಟೆಯಿಂದ ತಂದ ಒಂದು ಯೀಸ್ಟು ಬೇರೆ ಯೀಸ್ಟುಗಳು ಸಾಯುವ ಬಿಸಿಯಲ್ಲೂ ಹಾಯಾಗಿ ಬೆಳೆಯುತ್ತಿತ್ತು. ಆ ಗುಣವನ್ನು ಬೇಕರಿಯ ಯೀಸ್ಟಿಗೆ ತರಬಹುದು, ಅದು ಬರುವುದು ಒಂದೇ ಒಂದು ಜೀನಿನಿಂದ ಅನ್ನುವುದು ತಂಗಿಯ ವಾದ. ಒಂದೇ ಜೀನು ಅಂತಾದರೆ ಅದಕ್ಕೊಂದು ಸರಳ ಗುರುತಿದೆ. ಕಾಡಿನದಕ್ಕೂ ಬೇಕರಿಯದಕ್ಕೂ ಮದುವೆ ಮಾಡಿಸಿ, ಉಪವಾಸ ಕೆಡವಿ, ನಾಲ್ಕು ಬೀಜಾಣು ಬಿಡಿಸಿದರೆ ಎರಡು ಬಿಸಿ ತಾಳಬೇಕು, ಎರಡು ತಾಳಬಾರದು. ಪ್ರತಿ ಸಾಲಿನಲ್ಲೂ ಎರಡು, ಎರಡು.

ಸೂಜಿಯಕ್ಕ ಬಿಡಿಸಿದಳು. ಚುಕ್ಕೆಗಳು ಬೆಳೆದ ಪ್ಲೇಟನ್ನು ವೆಲ್ವೆಟ್ ಬಟ್ಟೆಗೆ ಒತ್ತಿ, ಆ ಬಟ್ಟೆಯ ಅಚ್ಚನ್ನು ಹೊಸ ಪ್ಲೇಟುಗಳಿಗೆ ಒತ್ತಿದಳು. ಒಂದನ್ನು ಬಿಸಿ ಪೆಟ್ಟಿಗೆಗೆ ಇಟ್ಟಳು. ಇನ್ನೊಂದರಲ್ಲಿ ಯಾವ ಚುಕ್ಕೆ ಎ, ಯಾವುದು ಆಲ್ಫಾ ಅಂತ ಪರೀಕ್ಷೆ ಮಾಡಿದಳು. ತೊಂಬತ್ತಾರು ಸಾಲು. ಎಂಬತ್ತೈದು ಸಾಲಿನಲ್ಲಿ ಎರಡು ಬೆಳೆದಿದ್ದವು, ಎರಡು ಇಲ್ಲ. ಉಳಿದ ಹನ್ನೊಂದು ಸಾಲಿನಲ್ಲಿ ಮೂರು ಬೆಳೆದಿದ್ದವು.

ಅವಳು ಆ ಹನ್ನೊಂದು ಸಾಲಿನ ಅಚ್ಚುಗಳನ್ನು ಮತ್ತೆ ಒತ್ತಿ ನೋಡಿದಳು. ಮತ್ತೆ ಮೂರು. ಕಂಡದ್ದನ್ನು ಕಂಡ ಹಾಗೆ ಪುಸ್ತಕದಲ್ಲಿ ಬರೆದು ತಂಗಿಯ ಕೋಣೆಗೆ ತೆಗೆದುಕೊಂಡು ಹೋದಳು.

ತಂಗಿ ಪುಟ ತಿರುವುತ್ತಾ ಹೋದವಳು ನಿಲ್ಲಿಸಿದಳು. "ಇದೇನಿದು?"

"ನಾಲ್ಕರಲ್ಲಿ ಮೂರು ಬಿಸಿ ತಾಳ್ತಿವೆ ಮೇಡಂ. ಹನ್ನೊಂದು ಸಾಲಲ್ಲಿ."

"ಅಪರೂಪಕ್ಕೆ ಹಾಗೆ ಬರುತ್ತೆ, ನನಗೂ ಗೊತ್ತು. ನೂರಕ್ಕೆ ಒಂದೋ ಎರಡೋ. ಹನ್ನೊಂದು ಅಂದ್ರೆ ಅದು ಯೀಸ್ಟಲ್ಲ, ನಿಮ್ಮ ಸೂಜಿ. ಪಕ್ಕದ ಚೀಲದ ಬೀಜಾಣು ಅಂಟಿಕೊಂಡು ಬಂದಿದೆ."

"ಹಾಗೆ ಬಂದಿದ್ರೆ ಪಂಗಡದ ಲೆಕ್ಕವೂ ಕೆಡಬೇಕಿತ್ತಲ್ಲ ಮೇಡಂ. ನೋಡಿ, ಈ ಹನ್ನೊಂದರಲ್ಲೂ ಎರಡು ಎ, ಎರಡು ಆಲ್ಫಾ. ಒಂದು ಸಾಲೂ ತಪ್ಪಿಲ್ಲ. ಕೈ ಜಾರಿದ್ರೆ ಒಂದರಲ್ಲಾದ್ರೂ ಗೊತ್ತಾಗ್ತಿತ್ತು."

ತಂಗಿ ತಲೆಯೆತ್ತಿ ಅವಳನ್ನು ನೋಡಿದಳು. ಬೇರೆಯವರಾರಾದರೂ ಆ ಮಾತು ಹೇಳಿದ್ದರೆ ಬಹುಶಃ ಕೂರಿಸಿ ಕೇಳುತ್ತಿದ್ದಳು. "ನನಗೆ ಜೆನೆಟಿಕ್ಸ್ ಪಾಠ ಮಾಡ್ಬೇಡಿ" ಅಂದಳು. ಪುಸ್ತಕವನ್ನು ಮುಚ್ಚಿ ತನ್ನ ಡ್ರಾಯರಿಗೆ ಹಾಕಿಕೊಂಡಳು. "ಇದು ನನ್ನ ಹತ್ರ ಇರಲಿ. ಹೊಸ ಪುಸ್ತಕದಲ್ಲಿ ಮೊದಲಿಂದ ಶುರು ಮಾಡಿ. ಈ ಸಲ ಸರಿಯಾಗಿ."

ಅವಳು ಮೊದಲಿಂದ ಶುರು ಮಾಡಿದಳು. ಸರಿಯಾಗಿಯೇ ಮಾಡಿದಳು. ಉಸಿರು ಬಿಗಿಹಿಡಿದು, ಒಂದು ಚೀಲಕ್ಕೂ ಇನ್ನೊಂದಕ್ಕೂ ನಡುವೆ ಸೂಜಿಯನ್ನು ತೊಳೆದು. ಐವತ್ತು ಸಾಲಿನಲ್ಲಿ ಆರು ಕಡೆ ಮೂರು ಬೆಳೆದವು. ಹೊಸ ಪುಸ್ತಕಕ್ಕೆ ಏರಿಸದೆ ಅದನ್ನು ಸದ್ಯಕ್ಕೆ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡಳು.

ಸೋಮವಾರದ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸ ಹೇಳುವ ಹೊತ್ತಿನಲ್ಲಿ ಅವಳು ಅದನ್ನು ಹೇಳಿದಳು. ಹದಿನಾಲ್ಕು ಜನ ಮೇಜಿನ ಸುತ್ತ ಕೂತಿದ್ದರು. ತಂಗಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಾ, "ನಮ್ಮಲ್ಲಿ ಯಾರೋ ಒಬ್ಬರಿಗೆ ಕಣ್ಣು ತೋರಿಸಿಕೊಳ್ಳೋ ವಯಸ್ಸಾಗಿದೆ ಅಂತ ಕಾಣುತ್ತೆ" ಅಂದಳು. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಮೇಡಂ ತಮಾಷೆ ಮಾಡಿದರೆ ನಗಬೇಕಲ್ಲ, ಹಾಗೆ ನಕ್ಕರು. ಸೂಜಿಯಕ್ಕನೂ ಹಲ್ಲು ಬಿಟ್ಟಳು. ಕಿವಿಯ ತುದಿ ಮಾತ್ರ ಕಾದ ಹಂಚಿನ ಹಾಗೆ ಸುಡುತ್ತಿತ್ತು.

ಮಾರನೆಯ ದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಒಂದು ಕಣ್ಣು ಮುಚ್ಚಿಸಿ, ಇನ್ನೊಂದು ಮುಚ್ಚಿಸಿ, ಕಟ್ಟಕಡೆಯ ಸಾಲಿನವರೆಗೂ ಓದಿಸಿ, "ಈ ವಯಸ್ಸಿಗೆ ಇಂಥ ಕಣ್ಣು ನಾನು ನೋಡಿಲ್ಲ. ಇದೇ ಕನ್ನಡಕ ಸಾಕು" ಅಂದರು. ಹಳೇ ಗಾಜಿಗೆ ಹೊಸ ಚೌಕಟ್ಟು ಹಾಕಿಸಿಕೊಂಡು ಮನೆಗೆ ಬಂದಳು. ಅಮ್ಮನಿಗೆ ಹೇಳಬೇಕು ಅನಿಸಿತು. ಅಮ್ಮ ನೆರೆಮನೆಯವಳ ಹತ್ತಿರ ಕೂತು ಚಿಕ್ಕ ಮಗಳ ಬಗ್ಗೆ ಹೇಳಿಕೊಳ್ಳುತ್ತಿದ್ದಳು. ಸುಮ್ಮನೆ ಒಳಗೆ ಹೋದಳು.

ಆ ವಾರ ತಂಗಿ ಅವಳ ಕೋಣೆಗೆ ಬಂದು ನಿಂತುಕೊಂಡೇ ಹೇಳಿದಳು. "ಇನ್ನೊಂದೂವರೆ ತಿಂಗಳಲ್ಲಿ ನಾನು ಇದನ್ನ ಪತ್ರಿಕೆಗೆ ಬರೆದು ಕಳಿಸಬೇಕು. ಮುನ್ನೂರು ಸಾಲಾದ್ರೂ ಬೇಕು, ಶುದ್ಧವಾಗಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳಿ. ಗಾಜು ತೊಳೆಯೋ ಕಡೆ ಒಂದು ಜಾಗ ಖಾಲಿ ಇದೆ."

ಬೈದಿದ್ದರೆ ಬೇಜಾರಿರಲಿಲ್ಲ. ಗಾಜು ತೊಳೆಯುವ ಮಾತನ್ನು ಅವಳ ಬಾಯಿಂದ ಕೇಳಬೇಕಾಯಿತಲ್ಲ ಅನ್ನುವುದೇ ಎದೆಗೆ ಚುಚ್ಚಿತು. ಆ ಗಾಜು ತೊಳೆದದ್ದು ಯಾರ ಶಾಲೆಯ ಚೀಲಕ್ಕೆ, ಯಾರ ಬೂಟಿಗೆ? "ಆಗುತ್ತೆ ಮೇಡಂ" ಅಂದಳು.

ಅದಾದ ಮರುದಿನ ಬೆಳಿಗ್ಗೆ, ಬಿಸಿ ಪೆಟ್ಟಿಗೆಯಿಂದ ಪ್ಲೇಟುಗಳನ್ನು ಹೊರಗೆ ತೆಗೆದಳು. ಮುಚ್ಚಳ ತೆರೆಯಲಿಲ್ಲ. ಹೊಸ ಪುಸ್ತಕ ಬಿಡಿಸಿ, ಮೊದಲ ಸಾಲಿಗೆ ಎರಡು ಕೂಡಿಸುವ ಗುರುತು, ಎರಡು ಕಳೆಯುವ ಗುರುತು ಹಾಕಿದಳು. ಎರಡನೇ ಸಾಲಿಗೂ ಹಾಕಿದಳು. ಕಣ್ಣಿಗೆ ಸಹಜ ಕಾಣಲಿ ಅಂತ ಗುರುತುಗಳ ಜಾಗವನ್ನು ಅಲ್ಲಲ್ಲಿ ಅದಲು ಬದಲು ಮಾಡಿದಳು. ಬೇಕಾ ನಿನಗೆ ಎರಡು ಎರಡು, ತಗೋ. ಹೊಟ್ಟೆ ತುಂಬ ತಗೋ. ಹೀಗಂತ ಮನಸ್ಸಿನಲ್ಲೇ ಹೇಳಿಕೊಂಡಳು. ಬರೆದು ಮುಗಿಸಿ, ತೆರೆಯದ ಪ್ಲೇಟುಗಳನ್ನು ಚೀಲಕ್ಕೆ ತುಂಬಿ, ಹಬೆಯಲ್ಲಿ ಬೇಯಿಸಿ ಎಲ್ಲವನ್ನೂ ಸಾಯಿಸುವ ಆಟೋಕ್ಲೇವಿಗೆ ಹಾಕಿದಳು. ಹಾಗೆ ಬರೆದ ತನ್ನ ಕೈಯನ್ನು ಆಮೇಲೆ ಎಷ್ಟೋ ಸಲ ಶಪಿಸಿದಳು.

ಬೀಜಾಣು ಬಿಡಿಸುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ದಿನಾ ಬಂದು, ದಿನಾ ಕೂತು, ಒಂದು ಸಾಲನ್ನೂ ಬಿಡದೆ ಬಿಡಿಸಿದಳು. ಅದರಲ್ಲಿ ಮೋಸ ಮಾಡಲು ಅವಳಿಗೆ ಬರುತ್ತಿರಲಿಲ್ಲ. ನೋಡುವುದನ್ನಷ್ಟೇ ಬಿಟ್ಟಳು. ಒಂದೂವರೆ ತಿಂಗಳಲ್ಲಿ ಮುನ್ನೂರ ಇಪ್ಪತ್ತನಾಲ್ಕು ಸಾಲು. ಒಂದೂ ಕೆಟ್ಟ ಸಾಲಿಲ್ಲ.

"ನೋಡಿದ್ರಾ, ಹೊಸ ಕನ್ನಡಕ ಬಂದ ಮೇಲೆ ಎಲ್ಲಾ ಸರಿ ಹೋಯ್ತು" ಅಂದಳು ತಂಗಿ, ಮುಖ ಅರಳಿಸಿ.

"ಗಾಜು ಬದಲಾಯಿಸಿಲ್ಲ ಮೇಡಂ" ಅಂದಳು ಅಕ್ಕ. ಅಷ್ಟರಲ್ಲಿ ತಂಗಿ ಪುಸ್ತಕ ಎತ್ತಿಕೊಂಡು ಕಾರಿಡಾರಿನ ಅರ್ಧ ದಾರಿ ಮುಟ್ಟಿದ್ದಳು.

ಲೇಖನ ಬಂತು. ದೊಡ್ಡ ಪತ್ರಿಕೆ. ತಂಗಿ ಇಡೀ ವಿಭಾಗದ ಮುಖ್ಯಸ್ಥೆಯಾದಳು. ಲೇಖನದ ಕೊನೆಗೆ ಸಣ್ಣ ಅಕ್ಷರದಲ್ಲಿ ಅಕ್ಕನಿಗೂ ಒಂದು ಕೃತಜ್ಞತೆ ಇತ್ತು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅಮ್ಮ ಆ ಪುಟವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿ, "ಇಬ್ಬರ ಹೆಸರೂ ಒಂದೇ ಕಡೆ ಬಂದಿದೆ ನೋಡು" ಅಂದಳು.

ಆರು ವರ್ಷ ಏನೂ ಆಗಲಿಲ್ಲ.

ಆಮೇಲೆ ಒಂದು ಪತ್ರ ಬಂತು. ಬೇರೊಂದು ಪ್ರಯೋಗಾಲಯದವರು ಆ ಕಾಡಿನ ಯೀಸ್ಟನ್ನು ಕೇಳಿ ತರಿಸಿಕೊಂಡಿದ್ದರು. ಅವರೂ ಬೇಕರಿ ಯೀಸ್ಟಿನ ಜೊತೆ ಕೂಡಿಸಿ, ನಾಲ್ಕನ್ನೂ ಬಿಡಿಸಿ ನೋಡಿದ್ದರು. ಸಾವಿರ ಸಾಲು ಮಾಡಿದ್ದರು. ನೂರಕ್ಕೆ ಹನ್ನೆರಡು ಸಾಲಿನಲ್ಲಿ ಮೂರು ಬೀಜಾಣು ಬಿಸಿ ತಾಳುತ್ತಿದ್ದವು. ಕಾರಣವನ್ನೂ ಕಂಡುಹಿಡಿದಿದ್ದರು. ಬೀಜಾಣು ತಯಾರಾಗುವ ಹೊತ್ತಿನಲ್ಲಿ ಕಾಡಿನ ಜೀನು ತನ್ನ ಜೊತೆಗಾರನ ಜಾಗದಲ್ಲೂ ತನ್ನದೇ ನಕಲನ್ನು ಬರೆದುಬಿಡುತ್ತಿತ್ತು. ಅಷ್ಟು ಜೋರಾಗಿ ಹಾಗೆ ಮಾಡುವುದನ್ನು ಅವರು ಮತ್ತೆಲ್ಲೂ ನೋಡಿರಲಿಲ್ಲವಂತೆ. ಇಷ್ಟೆಲ್ಲಾ ವಿನಯದಿಂದ ಬರೆದು, ಕೊನೆಗೆ ಅಷ್ಟೇ ವಿನಯದಿಂದ ಒಂದು ಪ್ರಶ್ನೆ ಕೇಳಿದ್ದರು: ಯಾವ ಯೀಸ್ಟಿನಲ್ಲಾದರೂ ಅಪರೂಪಕ್ಕೆ ಒಂದೋ ಎರಡೋ ಸಾಲು ಹೀಗೆ ಬಂದೇ ಬರುತ್ತದಲ್ಲ, ನಿಮ್ಮ ಮುನ್ನೂರ ಇಪ್ಪತ್ತನಾಲ್ಕರಲ್ಲಿ ಒಂದೂ ಬಾರದೆ ಇದ್ದದ್ದು ಹೇಗೆ?

ಆ ಪತ್ರದ ಪ್ರತಿ ಸಂಸ್ಥೆಯ ನಿರ್ದೇಶಕರಿಗೂ ಹೋಗಿತ್ತು. ವಿಚಾರಣೆಗೆ ಮೂರು ಜನರ ಸಮಿತಿ ಮಾಡಿದರು.

ಅಂದು ಮಧ್ಯಾಹ್ನ ತಂಗಿ ಮೂಲೆಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಹದಿನೈದು ವರ್ಷದಲ್ಲಿ ಆ ಕಟ್ಟಡದೊಳಗೆ ಮೊದಲ ಸಲ "ಅಕ್ಕಾ" ಅಂದಳು. "ಅಕ್ಕಾ, ನಿಜ ಹೇಳು. ಆ ಸಾಲೆಲ್ಲಾ ನೀನು ನೋಡಿ ಬರೆದಿದ್ದಾ?"

"ಇಲ್ಲ."

ತಂಗಿ ಗೋಡೆಗೆ ಒರಗಿದಳು. "ಒಂದೂ ನೋಡಲಿಲ್ವಾ?"

"ಮುಚ್ಚಳವೇ ತೆಗೀಲಿಲ್ಲ. ನೋಡಿ ಬರೆದಾಗ ಕಣ್ಣು ಸರಿ ಇಲ್ಲ ಅಂದೆ."

"ಅದಕ್ಕೆ? ಸುಳ್ಳು ಬರಿ ಅಂದ್ನಾ ನಾನು? ಒಂದು ಸಲ, ಒಂದೇ ಒಂದು ಸಲ ಅಂದ್ನಾ?"

"ಅನ್ನಲಿಲ್ಲ. ನಿಜ ಬರೆದ ಪುಸ್ತಕ ಕಿತ್ಕೊಂಡೆ, ಅಷ್ಟೆ."

ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಅಕ್ಕನಿಗೆ ತಟ್ಟನೆ ಒಂದು ಆಸೆ ಹುಟ್ಟಿತು. "ಪುಟ್ಟಿ, ಆ ಮೊದಲನೇ ಪುಸ್ತಕ ನಿನ್ನ ಹತ್ರ ಇದೆಯಲ್ಲ. ಅದನ್ನ ತೋರಿಸು. ತೊಂಬತ್ತಾರಕ್ಕೆ ಹನ್ನೊಂದು ಅದರಲ್ಲೇ ಇದೆ. ಅವರು ಈಗ ಕಂಡದ್ದನ್ನ ನಾವು ಆರು ವರ್ಷದ ಹಿಂದೆ ಕಂಡಿದ್ವಿ ಅಂತಾಗುತ್ತೆ."

ತಂಗಿ ನಗಲೂ ಇಲ್ಲ, ಅಳಲೂ ಇಲ್ಲ. "ಕಂಡೂ ಮುಚ್ಚಿಟ್ಟೆ ಅಂತಾಗುತ್ತೆ" ಅಂದಳು. "ನಾನು." ಬಾಗಿಲು ತೆರೆದುಕೊಂಡು ಹೋದಳು.

ಸಂಜೆ ಅಕ್ಕ ಮನೆಗೆ ಬರುವಷ್ಟರಲ್ಲಿ ತಂಗಿ ಅಲ್ಲಿಗೆ ಬಂದು ಹೋಗಿದ್ದಳು. ಮೇಜಿನ ಮೇಲಿದ್ದ ಎರಡು ಲೋಟವೇ ಅದನ್ನು ಹೇಳುತ್ತಿತ್ತು. ಅಮ್ಮ ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ನೀನೇ ಬರೆದಿದ್ದು ತಾನೆ?" ಅಂದಳು ಅಮ್ಮ, ತಲೆ ಎತ್ತದೆ.

"ನಾನೇ."

"ಅವಳು ಹೇಳಿ ಬರೆಸಿದ್ದಲ್ಲ."

"ಅಲ್ಲ."

"ಮತ್ತೆ ಅಷ್ಟು ಹೇಳಿದ್ರೆ ಆಯ್ತು. ಹಿಂದಿಂದು ಮುಂದಿಂದು ಎಲ್ಲಾ ಯಾಕೆ ಕೆದಕಬೇಕು? ಅವಳಿಗೆ ಒಂದು ಹೆಸರು ಅಂತ ಇದೆ. ನಿನಗೇನಿದೆ ಹೋಗೋಕೆ?"

ಅಮ್ಮ ಅದನ್ನು ಚುಚ್ಚಲು ಹೇಳಿದ್ದಲ್ಲ. ಮಳೆ ಬಂದರೆ ಬಟ್ಟೆ ಒಳಗೆ ತೆಗಿ ಅಂದ ಹಾಗೆ ಹೇಳಿದ್ದಳು. ಅಕ್ಕ ಅವಳ ಪಕ್ಕದಲ್ಲಿ ಕೂತು ತಾನೂ ಒಂದು ಮುಷ್ಟಿ ಬಟಾಣಿ ಎತ್ತಿಕೊಂಡಳು.

ವಿಚಾರಣೆ ನಡೆದದ್ದು ಮೊದಲ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ಸಮಿತಿಯ ಮೂವರಲ್ಲಿ ಹಿರಿಯರೊಬ್ಬರು ಕೇಳುತ್ತಿದ್ದರು, ಒಬ್ಬರು ಬರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ಆಗಾಗ ಗಡಿಯಾರ ನೋಡುತ್ತಿದ್ದರು. ತಂಗಿ ಮೇಜಿನ ಆ ತುದಿಯಲ್ಲಿ ಕೂತಿದ್ದಳು.

"ಈ ಬರಹ ನಿಮ್ಮದೇನಾ?"

"ನನ್ನದೇ."

"ಪ್ಲೇಟು ನೋಡದೆ ಬರೆದಿರಾ?"

"ಹೌದು."

"ಹೀಗೆ ಬರೀಬೇಕು ಅಂತ ಮೇಡಂ ಹೇಳಿದ್ರಾ?"

"ಇಲ್ಲ."

"ನೀವು ಹೀಗೆ ಮಾಡ್ತಿರೋದು ಅವರಿಗೆ ಗೊತ್ತಿತ್ತಾ?"

"ಇಲ್ಲ."

ಒಂದೊಂದು ಉತ್ತರವೂ ಅಪ್ಪಟ ನಿಜ. ನಿಜವನ್ನೇ ಹೇಳುತ್ತಾ ಹೋದಷ್ಟೂ ತಾನು ಯಾವುದೋ ದೊಡ್ಡ ಸುಳ್ಳಿನೊಳಕ್ಕೆ ಇಳಿಯುತ್ತಿದ್ದೇನೆ ಅನಿಸಿತು ಅವಳಿಗೆ. ಹಿರಿಯರು ಕಡತ ಮುಚ್ಚುತ್ತಾ, "ಬೇರೆ ಏನಾದ್ರೂ ಹೇಳೋದಿದೆಯಾ?" ಅಂದರು.

ಇಲ್ಲ ಅನ್ನಬೇಕೆಂದೇ ಬಂದಿದ್ದಳು. ಬಾಯಿ ಕೇಳಲಿಲ್ಲ. "ಇದಕ್ಕೂ ಮೊದಲು ಒಂದು ಪುಸ್ತಕ ಇತ್ತು ಸಾರ್. ಅದರಲ್ಲಿ ನೋಡಿಯೇ ಬರೆದಿದ್ದೆ. ನಾಲ್ಕರಲ್ಲಿ ಮೂರು ಬಂದ ಹನ್ನೊಂದು ಸಾಲು ಅದರಲ್ಲಿದೆ. ಅದು ಮೇಡಂ ಹತ್ರ ಕೊಟ್ಟಿದ್ದೆ."

ಮೂವರೂ ಆ ತುದಿಯತ್ತ ತಿರುಗಿದರು. ಗಡಿಯಾರ ನೋಡುತ್ತಿದ್ದವರು ಕೂಡ.

ತಂಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕಣ್ಣಂಚು ಒದ್ದೆಯಾಗಿತ್ತು. ಅದು ನಾಟಕವಲ್ಲ, ಅಕ್ಕನಿಗೆ ಗೊತ್ತು. ಮಗುವಾಗಿದ್ದಾಗಲೂ ಸುಳ್ಳು ಹೇಳುವ ಮೊದಲು ಅವಳಿಗೆ ನಿಜವಾಗಿ ಅಳು ಬರುತ್ತಿತ್ತು. "ಅಂಥ ಪುಸ್ತಕ ನನ್ನ ಗಮನಕ್ಕೆ ಬಂದಿಲ್ಲ ಸಾರ್" ಅಂದಳು. "ಇವರು ನನ್ನ ಸ್ವಂತ ಅಕ್ಕ. ನನ್ನನ್ನ ಓದಿಸಿದವರು. ಅದಕ್ಕೇ ಕಣ್ಣು ಮುಚ್ಚಿ ನಂಬಿದೆ. ಈಗ ಅವರು ತುಂಬಾ ನೊಂದಿದ್ದಾರೆ. ದಯವಿಟ್ಟು ಅವರ ಮೇಲೆ ಕಠಿಣವಾಗಬೇಡಿ."

ಬರೆದುಕೊಳ್ಳುತ್ತಿದ್ದವರು ಅದನ್ನೂ ಬರೆದುಕೊಂಡರು. ಹಿರಿಯರು ಅಕ್ಕನ ಕಡೆ ಕನಿಕರದಿಂದ ನೋಡಿದರು. ಅವಳಿಗೆ ಎದ್ದುನಿಂತು ಕೂಗಬೇಕು ಅನಿಸಿತು. ಆದರೆ ಕೂಗಿ ಹೇಳುವುದೇನು? ಮುನ್ನೂರ ಇಪ್ಪತ್ತನಾಲ್ಕು ಸಾಲು ಸುಳ್ಳು ಬರೆದ ಕೈಯದು. ಹನ್ನೊಂದು ಸಾಲು ನಿಜ ಬರೆದಿದ್ದೆ ಅಂದರೆ ಯಾರು ನಂಬಬೇಕು? ಅಂದು ಸಭೆಯಲ್ಲಿ ಕೇಳಿ ನಕ್ಕವರು ಮೇಡಂ ವಿರುದ್ಧ ಬಾಯಿ ಬಿಡುತ್ತಾರೆಯೇ? ತೋರಿಸಿದ ಜಾಗದಲ್ಲೆಲ್ಲಾ ಸಹಿ ಹಾಕಿದಳು.

ಪತ್ರಿಕೆ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು. ತಾಂತ್ರಿಕ ಸಿಬ್ಬಂದಿಯೊಬ್ಬರು ದಾರಿ ತಪ್ಪಿಸಿದ್ದರಿಂದ ಹೀಗಾಯಿತೆಂದು ಎರಡು ಸಾಲಿನ ಪ್ರಕಟಣೆ ಬಂತು. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಸೂಜಿಯಕ್ಕನನ್ನು ಕೆಲಸದಿಂದ ತೆಗೆದರು. ಹೋಗುವ ದಿನ ಅವಳು ತನ್ನ ಸೂಜಿಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು. ಬಾಗಿಲ ಕಾವಲಿನವನು ಡಬ್ಬಿ ತೆರೆಸಿ, ಇದು ಸಂಸ್ಥೆಯ ಸಾಮಾನು, ಬಿಟ್ಟು ಹೋಗಿ ಅಂದ. ಬಿಟ್ಟು ಬಂದಳು. ಹುಡುಗರಲ್ಲಿ ಇಬ್ಬರು ಮೆಟ್ಟಿಲವರೆಗೆ ಬಂದರು, ಉಳಿದವರು ಬರಲಿಲ್ಲ.

ಒಂದು ವರ್ಷವಾಗುವಷ್ಟರಲ್ಲಿ ಆ ಇನ್ನೊಂದು ಪ್ರಯೋಗಾಲಯದವರೂ ತಂಗಿಯೂ ಸೇರಿ ಹೊಸ ಲೇಖನ ಬರೆದರು. ತಪ್ಪನ್ನು ತಾನೇ ಮುಂದೆ ಬಂದು ಒಪ್ಪಿಕೊಂಡ ದೊಡ್ಡ ಮನಸ್ಸಿನವಳು ಅಂತ ತಂಗಿಗೆ ಒಳ್ಳೆಯ ಹೆಸರೇ ಬಂತು. ಕಾಡಿನ ಯೀಸ್ಟು ಅವಳದಲ್ಲವೇ. ಆ ಯೀಸ್ಟಿನ ಸೀಸೆಗಳ ಮೇಲಿದ್ದದ್ದು ಅಕ್ಕನ ಅಕ್ಷರ. ಅಮ್ಮ ಗೋಡೆಯ ಹಳೇ ಕಟ್ಟಿನಲ್ಲಿ ಹೊಸ ಪುಟವನ್ನು ಹಾಕಿಸಿದಳು. ಈ ಸಲ ಇಬ್ಬರು ಮಕ್ಕಳಲ್ಲಿ ಒಬ್ಬಳ ಹೆಸರೇ ಇತ್ತು.

ಭಾನುವಾರಗಳು ಮಾತ್ರ ಹಾಗೇ ನಡೆದವು. ತಂಗಿ ಬರುತ್ತಿದ್ದಳು, ಹಣ್ಣು ತರುತ್ತಿದ್ದಳು, ಅಮ್ಮನ ಕಾಲು ಒತ್ತುತ್ತಿದ್ದಳು. ಅಕ್ಕ ಕಾಫಿ ಮಾಡಿಕೊಟ್ಟು ಹಿಂದಿನ ಕೋಣೆಗೆ ಹೋಗಿ ಬಟ್ಟೆ ಮಡಚುತ್ತಿದ್ದಳು. ಒಂದು ಭಾನುವಾರ ತಂಗಿ ಲೋಟ ಹಿಡಿದುಕೊಂಡೇ ಅಲ್ಲಿಗೆ ಬಂದಳು.

"ಅಕ್ಕ, ಒಂದು ಮಾತು. ನಮ್ಮಲ್ಲಿ ಬೀಜಾಣು ಬಿಡಿಸೋರು ಯಾರೂ ಸಿಗ್ತಿಲ್ಲ. ಮೂರು ಜನರನ್ನ ಹಾಕಿ ನೋಡಿದೆ. ಒಬ್ಬರಿಗೂ ನಿನ್ನ ಕೈ ಬರಲ್ಲ. ವಾರಕ್ಕೆ ಎರಡು ದಿನ ಬಂದು ಹೇಳಿಕೊಡ್ತೀಯಾ? ಹಾಜರಿ ಗೀಜರಿ ಏನೂ ಬೇಡ. ನಾನು ಒಳಗೆ ಬಿಡೋಕೆ ಹೇಳಿರ್ತೀನಿ."

ಅಕ್ಕ ಮಡಚುತ್ತಿದ್ದ ಹೊದಿಕೆಯನ್ನು ಕೆಳಗಿಟ್ಟಳು. "ಆ ಪುಸ್ತಕ ಎಲ್ಲಿದೆ?"

ತಂಗಿ ಲೋಟದ ಒಳಗೆ ನೋಡಿದಳು. "ಯಾವ ಪುಸ್ತಕ?"

"ಇಲ್ಲಿ ಯಾರೂ ಬರ್ಕೊಳ್ತಿಲ್ಲ. ನಾನು, ನೀನು ಇಬ್ಬರೇ. ಒಂದು ಸಲ ಹೇಳು, ಸಾಕು. ಇತ್ತು ಅಂತ ಹೇಳು."

ಅಮ್ಮನ ಕೋಣೆಯಿಂದ ಕೆಮ್ಮು ಕೇಳಿತು. ತಂಗಿಯ ತುಟಿ ಅದುರಿತು. ಹೇಳಿಯೇಬಿಡುತ್ತಾಳೇನೋ ಅನ್ನುವಷ್ಟು ಹೊತ್ತು ನಿಂತಳು. ಆಮೇಲೆ, "ಹಳೇದೆಲ್ಲಾ ಈಗ ಯಾಕಕ್ಕ" ಅಂದಳು.

"ಸರಿ" ಅಂದಳು ಅಕ್ಕ. ಧ್ವನಿ ಏರಿಸಲಿಲ್ಲ. "ಅಮ್ಮ ಇರೋವರೆಗೆ ಬಾ. ಬೇಡ ಅನ್ನಲ್ಲ, ಕಾಫಿ ಮಾಡಿಕೊಡ್ತೀನಿ. ಅವಳು ಹೋದ ಮೇಲೆ ಈ ಮನೆ ಮೆಟ್ಟಿಲು ಹತ್ತಬೇಡ."

ತಂಗಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅಮ್ಮನ ಹತ್ತಿರ ಹೋಗಿ ಎರಡು ನಿಮಿಷ ಕೂತು, ಹೊರಟಳು. ಗೇಟು ಹಾಕಿಕೊಂಡ ಸದ್ದು ಕೇಳಿತು.

"ಇಷ್ಟು ಬೇಗ ಯಾಕೆ ಹೋದಳು? ಏನಂದಳು ನಿನ್ನ ಹತ್ರ?" ಅಂತ ಅಮ್ಮ ಒಳಗಿಂದ ಕೂಗಿದಳು.

"ಏನೂ ಇಲ್ಲಮ್ಮ. ಕೆಲಸಕ್ಕೆ ಕರೀತಿದ್ದಳು."

"ಹೋಗು ಮತ್ತೆ. ಎಷ್ಟಾದರೂ ತಂಗಿ."

ಅಮ್ಮನ ಮಾತ್ರೆಯ ಹೊತ್ತಾಗಿತ್ತು. ಅಕ್ಕ ನೀರು ತರಲು ಅಡುಗೆಮನೆಗೆ ಹೋದಳು.